ನೋಡುವ ಹಕ್ಕು ಮಾತ್ರ

ಓಲೆಸುಂಡ್ ಬಂದರಿನ ಬದಿಯ ನಮ್ಮ ಕಚೇರಿಯಲ್ಲಿ ಸಣ್ಣ ಮೀನುದೋಣಿಗಳಿಗೆ ಬಲೆ ಎಳೆಯುವ ಯಂತ್ರಗಳನ್ನು ವಿನ್ಯಾಸ ಮಾಡುತ್ತೇವೆ. ಡ್ರಾಯಿಂಗ್ ಯಾರೊಬ್ಬರ ಕಂಪ್ಯೂಟರಿನಲ್ಲೂ ಇರುವುದಿಲ್ಲ, ಅಂತರ್ಜಾಲದಲ್ಲಿರುತ್ತದೆ. ಒಬ್ಬರು ಗೆರೆ ಸರಿಸಿದರೆ ಉಳಿದವರ ಪರದೆಯಲ್ಲೂ ಅದೇ ಕ್ಷಣ ಸರಿಯುತ್ತದೆ. ಹಾಗಾಗಿ ತೂರ್ಲೈವ್ ವಿಗ್ರಾ ದ್ವೀಪದ ಮನೆಯಲ್ಲಿ ಕೂತು, ಗುನ್ವೋರ್ ಕಚೇರಿಯಲ್ಲಿ ಕೂತು ಒಂದೇ ಯಂತ್ರ ಕಟ್ಟುತ್ತಿದ್ದರು. ಗುನ್ವೋರ್‌ಗೆ ಕೆಲಸ ಕಲಿಸಿದವನು ತೂರ್ಲೈವ್‌ನೇ. ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು.

"ಆ ಮೂಲೆ ಚಾಕು ಇದ್ದ ಹಾಗಿದೆ. ಮೀನು ಹಿಡಿಯೋಕೆ ಹೋದೋನು ಬೆರಳಿಲ್ದೆ ಮನೆಗೆ ಹೋಗ್ಬೇಕಾ?" ಎನ್ನುತ್ತಿದ್ದ ತೂರ್ಲೈವ್.

"ಗುಂಡಗೆ ಮಾಡ್ತೀನಿ ಇರು ಮಾರಾಯ. ಕಾಫಿ ಕುಡಿದಿಲ್ಲ ಅಂತ ಕಾಣುತ್ತೆ ನೀನು."

ಆ ವರ್ಷ ಬೇಸಿಗೆ ರಜೆ ಮುಗಿದ ಮೇಲೆ ತೂರ್ಲೈವ್‌ನ ಕೆಲಸದಲ್ಲಿ ತಪ್ಪುಗಳು ಶುರುವಾದವು. ತಿರುಗುವ ಶಾಫ್ಟಿಗಿಂತ ಅದನ್ನು ಹಿಡಿಯುವ ಬೇರಿಂಗಿನ ತೂತು ಚಿಕ್ಕದಾಗಿರುತ್ತಿತ್ತು. ಹಿಂದಿನ ದಿನ ಇಬ್ಬರೂ ಒಪ್ಪಿ ಅಳಿಸಿದ ಭಾಗ ಮತ್ತೆ ಬಂದಿರುತ್ತಿತ್ತು. ಗುನ್ವೋರ್ ಸದ್ದಿಲ್ಲದೆ ತಿದ್ದುತ್ತಾ ಹೋದಳು. ಮೊದಮೊದಲು ಅವನು ಊಟಕ್ಕೆ ಎದ್ದಾಗ ತಿದ್ದುತ್ತಿದ್ದವಳಿಗೆ, ಆಮೇಲೆ ಅವನು ಪರದೆಯ ಮುಂದೆ ಇದ್ದಾಗಲೂ ತಿದ್ದಬೇಕಾಯಿತು.

"ಗುನ್ವೋರ್, ನಾನು ಹಾಕಿದ ಅಳತೆ ನನ್ನ ಕಣ್ಣೆದುರೇ ಬದಲಾಯ್ತು. ನೀನಾ?"

"ಹೂಂ."

"ತಪ್ಪಿತ್ತಾ?"

"ಇತ್ತು."

"ಎಷ್ಟು ದಿನದಿಂದ ನನ್ನ ಹಿಂದೆ ಪೊರಕೆ ಹಿಡ್ಕೊಂಡು ಬರ್ತಿದ್ದೀಯ?"

ಅವಳು ಹೆಡ್‌ಫೋನ್ ತೆಗೆದಿಟ್ಟಳು. ಮರುದಿನ ಸಮುದ್ರದಡಿಯ ಸುರಂಗದಲ್ಲಿ ದ್ವೀಪಕ್ಕೆ ಹೋಗುವ ಬಸ್ಸು ಹತ್ತಿ ಅವನ ಮನೆಗೆ ಹೋದಳು. ಅವನ ಹೆಂಡತಿ ಬೋರ್ಗಿಲ್ಡ್ ಬಿಸಿ ವಾಫಲ್ ತಂದಿಟ್ಟು ಪಕ್ಕದಲ್ಲಿ ಕೂತಳು.

"ಮರೆವಿನ ಕಾಯಿಲೆ. ವಸಂತದಲ್ಲೇ ಡಾಕ್ಟರು ಹೇಳಿದ್ರು," ಎಂದ ತೂರ್ಲೈವ್.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ ಜೊತೆ ಜಗಳ ಆಡೋದು ಬಿಟ್ಬಿಡ್ತಿದ್ದೆ." ವಾಫಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ: "ಯಂತ್ರದ ಬ್ರೇಕಲ್ಲಿ ನಾನೊಂದು ತಪ್ಪು ಮಾಡಿ, ಅದು ನಿನ್ನ ಕಣ್ಣಿಗೂ ಬೀಳ್ದೆ ಇದ್ರೆ ಯಾರದೋ ಕೈ ಹೋಗುತ್ತೆ. ತಿದ್ದೋ ಹಕ್ಕು ನನ್ನಿಂದ ತೆಗೆದುಬಿಡು. ನೋಡೋದು ಮಾತ್ರ ಇರ್ಲಿ."

"ಕಚೇರೀಲಿ ಬೇರೆ ಯಾರಿಗಾದ್ರೂ ಹೇಳು. ನನ್ ಕೈಲಾಗಲ್ಲ."

"ಬೇರೆಯವ್ರು ಮಾಡೋದು ಬೇಡ. ನೀನೇ ಮಾಡು."

ಅಡುಗೆಮನೆಯ ಮೇಜಿನ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದಳು. ಅವನ ಹೆಸರನ್ನು ಹುಡುಕಿ, ಅದರ ಎದುರು 'ನೋಡಲು ಮಾತ್ರ' ಎಂಬುದನ್ನು ಒತ್ತಿದಳು. ತೂರ್ಲೈವ್ ತನ್ನ ಪರದೆಯಲ್ಲಿ ಬಲೆಯ ಉರುಳೆಯನ್ನು ಸರಿಸಲು ನೋಡಿದ. ಅದು ಅಲುಗಲಿಲ್ಲ. ಮತ್ತೊಮ್ಮೆ ನೋಡಿದ.

"ಸರಿಯಾಗಿದೆ," ಎಂದ. ಬೋರ್ಗಿಲ್ಡ್ ಅವನ ಕೈಯನ್ನು ಮೌಸಿನಿಂದ ಮೆಲ್ಲಗೆ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

ಚಳಿಗಾಲದುದ್ದಕ್ಕೂ ಅವನು ಬೆಳಿಗ್ಗೆ ಮನೆಯಿಂದಲೇ ಡ್ರಾಯಿಂಗಿಗೆ ಬಂದು, ಅವಳು ಕೆಲಸ ಮಾಡುವುದನ್ನು ನೋಡುತ್ತಿದ್ದ. ಅವಳು ಬೇಕೆಂದೇ ಜಗಳ ತೆಗೆಯುತ್ತಿದ್ದಳು. ಅವನ ಉತ್ತರಗಳು ಚಿಕ್ಕವಾಗುತ್ತಾ ಬಂದವು. ಒಂದು ದಿನ ಬ್ರೇಕನ್ನು ನೋಡಿ, "ಚೆನ್ನಾಗಿದೆ, ಯಾರು ಮಾಡಿದ್ದು?" ಎಂದು ಕೇಳಿದ.

"ನೀನೇ."

"ಸುಮ್ನೆ ಹೊಗಳ್ಬೇಡ," ಎಂದು ನಕ್ಕ. ಆಮೇಲೆ ಬರುವುದು ನಿಂತಿತು.

ಆ ವಿನ್ಯಾಸದ ಮೊದಲ ಯಂತ್ರವನ್ನು ವಿಗ್ರಾದ ದೋಣಿಯೊಂದಕ್ಕೆ ಜೋಡಿಸಿದ ದಿನ ಬೋರ್ಗಿಲ್ಡ್ ಅವನನ್ನು ದಕ್ಕೆಗೆ ಕರೆತಂದಳು. ಅವನು ಯಂತ್ರದ ತಣ್ಣನೆಯ ಉಕ್ಕಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ. ಆಮೇಲೆ ಪಕ್ಕದಲ್ಲಿದ್ದ ಗುನ್ವೋರ್ ಕಡೆ ತಿರುಗಿ, ಹೊಸಬರೊಡನೆ ಮಾತಾಡುವ ಮರ್ಯಾದೆಯಲ್ಲಿ ಕೇಳಿದ:

"ನೀವು ಈ ದೋಣಿಯವ್ರಾ?"

"ಅಲ್ಲ," ಎಂದಳು. "ಇದನ್ನ ಮಾಡಿದವ್ರ ಹತ್ರ ಕೆಲಸ ಕಲಿತೋಳು."

"ಹೌದಾ," ಎಂದು ಅವನು ತಲೆಯಾಡಿಸಿದ. ಬೋರ್ಗಿಲ್ಡ್ ಅವನ ಕೋಟಿನ ಗುಂಡಿ ಹಾಕಿದಳು. ಮೂವರೂ ನಿಂತು, ದೋಣಿ ಹೊರಡುವುದನ್ನು ನೋಡಿದರು.