ಅಳತೆಯ ಮನುಷ್ಯರು

“ಇನ್ನೂ ಸ್ವಲ್ಪ ಸಾಯೋ, ಬಡ್ಡಿಮಗನೆ! ಊಟ ಮಾಡಿ ಒರಗ್ದೋನ ಥರ ಇದೀಯ.”

ಯಜಮಾನನ ಬೂಟು ನನ್ನ ಎದೆಯ ಮೇಲಿತ್ತು. ಕೈಯಲ್ಲಿ ಕ್ಯಾಮೆರಾ. ನಾನು ನಾಲಿಗೆ ಹೊರಹಾಕಿ, ಕಣ್ಣು ತೇಲಿಸಿ, ತಿಳಿದಮಟ್ಟಿಗೆ ಸತ್ತೆ. ಅವನು ಬೂಟನ್ನು ಇನ್ನಷ್ಟು ಒತ್ತಿದ. ಆಗ ನನ್ನ ಗಂಟಲಿನಿಂದ ಹೊರಟ ಶಬ್ದ ನಟನೆಯದಲ್ಲ.

“ಹಾಂ, ಈಗ ನೋಡು. ಇದಕ್ಕೆ ಜೀವ ಇದೆ” ಎಂದ.

ನಮ್ಮದು ಎಲ್ಲೂ ಇಲ್ಲದ ಪ್ರಾಣಿಗಳ ಚಿತ್ರ ಬರೆಯುವ ಕಾರ್ಖಾನೆ. ಕತೆಪುಸ್ತಕದ ಮುಖಪುಟವಿರಲಿ, ಆಟದ ಡಬ್ಬಿಯ ಮುಚ್ಚಳವಿರಲಿ, ಡ್ರ್ಯಾಗನ್ ಬಾಯಿ ತೆರೆದ ಕಡೆಯಲ್ಲೆಲ್ಲ ನಮ್ಮ ಯಜಮಾನನ ರುಜು ಇರುತ್ತದೆ. ಅವನು ಮಹಡಿಯಲ್ಲಿ, ದೊಡ್ಡ ಕಿಟಕಿಯ ಪಕ್ಕ ಕೂತು ಡ್ರ್ಯಾಗನ್ ಬರೆಯುತ್ತಾನೆ. ರೆಕ್ಕೆ, ಹುರುಪೆ, ಬೆಂಕಿ. ಆಮೇಲೆ ಕ್ಯಾನ್‌ವಾಸು ಮೆಟ್ಟಿಲಿಳಿದು ನಮ್ಮ ಕೋಣೆಗೆ ಬರುತ್ತದೆ. ಆ ಪ್ರಾಣಿಯ ಕಾಲಡಿಯಲ್ಲಿ ಸಾಯುವವರನ್ನು ನಾವು ಬರೆಯಬೇಕು. ಓಡುವವರು, ಬೇಯುವವರು, ಅಪ್ಪಚ್ಚಿಯಾದವರು.

ನಾವು ಮೂವರು. ದೇಹಗಳು ಅಕ್ಕನ ಪಾಲು. ಕೂಗುವ ಬಾಯಿಗಳು ನನ್ನವು. ಹಾಗಾಗಿ ಮಾತು ಕಡಿಮೆಯ ನನಗೆ ‘ಬಾಯಿ’ ಎಂದು ಹೆಸರು. ಹೊಗೆ ಮತ್ತು ಬೂದಿ ಮಾವನದು. ಅವನು ಅಕ್ಕನಿಗೆ ಗಂಡನ ಅಪ್ಪ, ನನಗೆ ಬಾಯಿಮಾತಿನ ಮಾವ. ಒಣ ಬ್ರಷ್ಷಿನಲ್ಲಿ ಅವನು ಮೂರು ಸಲ ಸವರಿದನೆಂದರೆ ಚಿತ್ರ ನೋಡಿದವನಿಗೆ ಕೆಮ್ಮು ಬರಬೇಕು.

ಸಾಯುವವರನ್ನು ಬರೆಯಲು ಮೊದಲು ಸಾಯುವವರ ಫೋಟೊ ಬೇಕು. ಅದಕ್ಕೆ ಹೊರಗಿನವರೇಕೆ, ನಾವಿದ್ದೇವಲ್ಲ? ಹನ್ನೊಂದು ವರ್ಷಗಳಲ್ಲಿ ಎಷ್ಟು ಪುಸ್ತಕಗಳ ಮೇಲೆ ಸತ್ತಿದ್ದೇನೋ ನನಗೇ ನೆನಪಿಲ್ಲ. ಒಂದನ್ನೂ ಓದಿಲ್ಲ.

ಈ ಸಲ ಡ್ರ್ಯಾಗನ್ ಒಬ್ಬ ಮುದುಕನ ಕೈ ಹಿಡಿದು ಎತ್ತಿಕೊಂಡು ಹಾರಬೇಕಿತ್ತು. ಮುದುಕ ಎಂದ ಕೂಡಲೇ ಎಲ್ಲರ ಕಣ್ಣು ಮಾವನ ಕಡೆ ಹೋಯಿತು. ಮಂಗಳವಾರ ಅವನ ಬಲ ಮಣಿಕಟ್ಟಿಗೆ ಹಗ್ಗ ಬಿಗಿದು, ಸೂರಿನ ಕಬ್ಬಿಣದ ತೊಲೆಯಿಂದ ತೂಗುಬಿಟ್ಟರು. ಹಗ್ಗ ಎಳೆದವನು ಯಜಮಾನನ ಡ್ರೈವರ್.

“ಸಾಹೇಬ್ರೆ, ಭುಜ ಕಿತ್ ಬರ್ತಿದೆ.”

“ಬರ್ಲಿ. ಅದು ಮುಖದಲ್ಲಿ ಬರ್ಬೇಕು. ಕೆಳಗೆ ನೋಡೋ ಮುದ್ಯಾ!”

ಕುರ್ಚಿಯ ಕಾಲು ಕಳಚಿದಂಥ ಸಣ್ಣ ಶಬ್ದವಾಯಿತು. ಕ್ಯಾಮೆರಾ ಮಾತ್ರ ನಿಲ್ಲಲಿಲ್ಲ.

ಅದೇ ಸಂಜೆ ಪತ್ರಿಕೆಯವಳೊಬ್ಬಳು ಬಂದಿದ್ದಳು. ಇಂಥ ಭಯಾನಕ ದೃಶ್ಯಗಳು ನಿಮಗೆ ಎಲ್ಲಿ ಸಿಗುತ್ತವೆ ಎಂದು ಕೇಳಿದಳಂತೆ. “ಕನಸಿನಲ್ಲಿ” ಎಂದನಂತೆ ಯಜಮಾನ. ಕೆಳಗೆ ಅಕ್ಕ ಕನಸಿನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಳು.

ಈಗ ಅವನು ನನ್ನ ಎದೆಯಿಂದ ಬೂಟು ತೆಗೆದು, ಗೋಡೆಗೆ ಒರಗಿಸಿದ್ದ ಕ್ಯಾನ್‌ವಾಸಿನ ಮುಂದೆ ನಿಂತ. ಅಕ್ಕ ಬರೆದಿದ್ದ ಮುದುಕನನ್ನು ದಿಟ್ಟಿಸಿದ.

“ಮುಖ ಸರಿ ಬಂದಿಲ್ಲ. ನೋವಿದೆ, ಹೆದ್ರಿಕೆ ಇಲ್ಲ. ಮತ್ತೆ ತೂಗಾಕ್ಬೇಕು.”

“ಅವ್ರ ಕೈ ಹೋಗಿದೆ ಸಾಹೇಬ್ರೆ” ಎಂದಳು ಅಕ್ಕ. “ಬ್ರಷ್ ಎತ್ತೋಕೂ ಆಗ್ತಿಲ್ಲ.”

“ಎಡಗೈ ಇದ್ಯಲ್ಲ, ಹಗ್ಗ ಅದಕ್ಕೆ ಕಟ್ಟೋಣ. ಸಾಯೋಕೆ ಯಾರಿಗಮ್ಮ ಕೈ ಬೇಕು?”

ಡ್ರೈವರ್ ನಕ್ಕ. ಅವನ ಕೆಲಸದಲ್ಲಿ ಅದೂ ಸೇರಿದೆ.

“ಹನ್ನೆರಡಕ್ಕೆ ಪ್ರಕಾಶಕರು ನೋಡೋಕ್ ಬರ್ತಾರೆ. ಚಿತ್ರ ಮೇಲೆ ಕಳ್ಸಿ. ಅವ್ರು ಹೋದ್ಮೇಲೆ ಇವನ್ನ ಎತ್ತೋಣ.”

ಯಜಮಾನ ಮಹಡಿ ಹತ್ತಿದ. ಡ್ರೈವರ್ ಹಗ್ಗವನ್ನು ತೊಲೆಯ ಮೇಲೆ ಎಸೆದು, ಕುಣಿಕೆ ಸರಿಮಾಡಿಟ್ಟು ಹೋದ. ಅದು ಸ್ವಲ್ಪ ಹೊತ್ತು ತಾನೇ ಆಡಿ ನಿಂತಿತು.

ಮಾವ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. “ಈಗ ಇದ್ರಲ್ಲೇ ಊಟ ಮಾಡ್ತಿರೋದು ಕಣಮ್ಮ” ಎಂದ.

ಅಕ್ಕ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿದಳು. ಬಣ್ಣ ಇನ್ನೂ ಹಸಿ. ಡ್ರ್ಯಾಗನ್ನಿನ ಉಗುರಿಗೆ ಸಿಕ್ಕಿ ನೇತಾಡುತ್ತಿದ್ದ ಮುದುಕನನ್ನು ಒಂದೇ ಏಟಿಗೆ ಒರೆಸಿಬಿಟ್ಟಳು.

“ಅಕ್ಕಾ! ಏನ್ ಮಾಡ್ತಿದೀಯ?” ಎಂದೆ.

“ಇಳಿಸ್ತಿದೀನಿ.”

ಓಡುವವರೂ ಹೋದರು, ಬೇಯುವವರೂ ಹೋದರು. “ನಿನ್ನ ಬಾಯಿಗಳ್ನ ನೀನೇ ಒರೆಸ್ತೀಯೋ, ಅದಕ್ಕೂ ನಾನೇ ಬೇಕೋ?” ಎಂದಳು. ನಾನೂ ಬಟ್ಟೆ ಹಿಡಿದೆ. ಮಾವ ಕೂತಲ್ಲಿಂದಲೇ ಎಡಗೈ ಚಾಚಿ ತನ್ನ ಹೊಗೆ ತೆಗೆದ. ಅರ್ಧ ಗಂಟೆಯಲ್ಲಿ ಎಪ್ಪತ್ತು ಎಂಬತ್ತು ಮಂದಿ, ಉರಿಯುವ ಗಾಡಿಗಳ ಸಮೇತ, ಜಾಗ ಖಾಲಿ ಮಾಡಿದರು.

ಹನ್ನೆರಡಕ್ಕೆ ಚಿತ್ರ ಹೊತ್ತುಕೊಂಡು ಹೋಗಿ ನಿಲ್ಲಿಸಿದವನು ನಾನೇ. ಪ್ರಕಾಶಕ ಕನ್ನಡಕ ಒರೆಸಿಕೊಂಡು ನೋಡಿದ, ಹತ್ತಿರ ಹೋಗಿ ಇನ್ನೊಮ್ಮೆ ನೋಡಿದ.

“ಹಲ್ಲಿ ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಆದ್ರೆ ನಾವು ಕೇಳಿದ್ದು ಡ್ರ್ಯಾಗನ್ ಅಲ್ವಾ?”

ಕಾಲಡಿಯಲ್ಲಿ ಮನುಷ್ಯನಿದ್ದರೆ ತಾನೆ ಡ್ರ್ಯಾಗನ್ ಬೆಟ್ಟದಷ್ಟು. ಆ ಮನುಷ್ಯ ಹೋದ ಮೇಲೆ ಬಂಡೆಗಳು ಹರಳಾಗಿದ್ದವು, ಬೆಂಕಿ ಕಡ್ಡಿ ಗೀರಿದಷ್ಟಿತ್ತು. ಇಪ್ಪತ್ತು ವರ್ಷ ಜಗತ್ತನ್ನು ಹೆದರಿಸಿದ ಯಜಮಾನ ಅಂಗೈಯಗಲದ ಹಲ್ಲಿಯ ಪಕ್ಕದಲ್ಲಿ ನಿಂತಿದ್ದ.

ಅವನು ಬೈಯಲಿಲ್ಲ. ನನಗೆ ಅದೇ ಸರಿಬರಲಿಲ್ಲ. ಪ್ರಕಾಶಕನನ್ನು ನಯವಾಗಿ ಕೂರಿಸಿ, “ಒಂದ್ ಗಂಟೆ ಕೊಡಿ” ಎಂದು, ಚಿತ್ರ ಹೊರಿಸಿಕೊಂಡು, ಡ್ರೈವರನ ಜತೆ ನಮ್ಮ ಕೋಣೆಗೆ ಇಳಿದ. ತಾನೇ ಬ್ರಷ್ ಹಿಡಿದು ಮನುಷ್ಯನನ್ನು ಬರೆಯಲು ಕೂತ. ಅಂಗಿ ತೊಟ್ಟ ಮೊಸಳೆಯಂಥದೇನೋ ಬಂತು. ಒರೆಸಿದ. ಮತ್ತೆ ಮೊಸಳೆಯೇ ಬಂತು.

“ಯಾರಾದ್ರೂ ಮಲಗ್ರೋ” ಎಂದ, ಕ್ಯಾಮೆರಾ ಎತ್ತಿಕೊಂಡು.

ಯಾರೂ ಮಲಗಲಿಲ್ಲ.

“ನೀನ್ ಮಲಗೋ” ಎಂದ ಡ್ರೈವರನಿಗೆ.

ಡ್ರೈವರ್ ಮಾವನ ಭುಜದ ಕಡೆ ನೋಡಿದ. “ನನ್ ಕೆಲ್ಸ ಎಳೆಯೋದು ಸಾಹೇಬ್ರೆ” ಎಂದ.

“ನೀವೇ ಮಲಗಿ” ಎಂದಳು ಅಕ್ಕ. “ಕಾಲು ನಾನಿಡ್ತೀನಿ.”

ಯಜಮಾನ ಕ್ಯಾಮೆರಾವನ್ನು ಜೋಪಾನವಾಗಿ ಸ್ಟೂಲಿನ ಮೇಲಿಟ್ಟ. ಬೀದಿಬಾಗಿಲಿಗೆ ಹೋಗಿ, ಹೊರಗೆ ಎರಡೂ ಕಡೆ ನೋಡಿ, ಒಳಗಿನಿಂದ ಚಿಲಕ ಹಾಕಿದ. ಅಂಗಿಯ ತೋಳು ಮಡಚುತ್ತ ತಿರುಗಿದ.

“ಮೂರು ಎಣಿಸ್ತೀನಿ.”

ಗೋಡೆ ಹಿಡಿದು ಮಾವ ಎದ್ದು, ನನಗೂ ಅಕ್ಕನಿಗೂ ನಡುವೆ ಬಂದು ನಿಂತ.

“ಒಂದು.”

ಮೇಲೆ ಪ್ರಕಾಶಕ ಏನನ್ನೋ ಗುನುಗುತ್ತ ಅಡ್ಡಾಡುತ್ತಿದ್ದ. ಡ್ರೈವರ್, ಯಾರೂ ಹೇಳದಿದ್ದರೂ, ಒಂದೊಂದೇ ಕಿಟಕಿ ಮುಚ್ಚತೊಡಗಿದ.

“ಎರಡು.”