ಅವರವರ ಸಾಲು

ಮಗಳು ಮಂಚದಡಿಯಿಂದ ಮೂರನೆಯ ಪೆಟ್ಟಿಗೆಯನ್ನೂ ಎಳೆದು ನೆಲಕ್ಕೆ ಸುರಿದಳು. ಅದರಲ್ಲೂ ಕಾದಂಬರಿಗಳೇ. ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಗೀಟು, ‘ಇಲ್ಲಿ ಹಾಡು’ ಎಂಬ ಗುರುತು. ಹಾಡು ಮಾತ್ರ ಎಲ್ಲೂ ಇಲ್ಲ.

ನಡುಮನೆಯಲ್ಲಿ ಅಪ್ಪ ಬಿಳಿ ಬಟ್ಟೆಯಡಿ ಮಲಗಿದ್ದ. ಹೆಣ ಒಯ್ಯುವ ಗಾಡಿ ಬರಲು ಇನ್ನೊಂದು ತಾಸು. ಅಷ್ಟರೊಳಗೆ ಅವನು ಕಟ್ಟಿದ ಒಂದು ಹಾಡಾದರೂ ಪೂರ್ತಿಯಾಗಿ ಈ ಮನೆಯಲ್ಲಿ ಕೇಳಿಸಬೇಕು ಎಂಬುದು ಅವಳ ಹಟ. ಕಾದಂಬರಿಗಳನ್ನು ನಾಟಕ ಮಾಡಿಸುತ್ತಿದ್ದ ಕಂಪನಿಯ ಗೋಡೆಪತ್ರದಲ್ಲಿ ಕಾದಂಬರಿಕಾರರ ಹೆಸರಿರುತ್ತಿತ್ತು, ಮಾಲೀಕರದೂ ಇರುತ್ತಿತ್ತು. ಅವನದು ಒಂದು ಸಲವೂ ಬರಲಿಲ್ಲ.

ಕಂಪನಿಯವರೆಂದು ಬಂದವರು ಇಬ್ಬರೇ: ನಾಯಕಿಯ ಪಾತ್ರ ಮಾಡುತ್ತಿದ್ದ ಮುದುಕಿ, ಹಾಸ್ಯ ಮಾಡುತ್ತಿದ್ದ ಮುದುಕ.

“ಹುಡುಕಬೇಡ ಮಗಾ,” ಎಂದ ಹಾಸ್ಯದವನು. “ಪೂರ್ತಿ ಬರೆದಿದ್ದ ಪುಸ್ತಕ ಒಂದೇ ಒಂದು. ಮಾಲೀಕರು ಹೋದ್ಮೇಲೆ ಪರದೆಗಳ ಜೊತೆ ಗುಜರಿಗೆ ಹೋಯ್ತು. ಗುಜರಿಯವನು ಪರದೇನಾದ್ರೂ ಬಿಚ್ಚಿ ನೋಡ್ದ.”

*

ಅಪ್ಪ ಮೊದಲ ಸಲ ಹಾಡು ಕಟ್ಟಿದ ಕಾದಂಬರಿಯ ಕೊನೆಗೆ ಗಂಡ ಹೆಂಡತಿ ಎದುರುಬದುರು ಕೂತು ಹದಿನಾಲ್ಕು ಪುಟ ತುಟಿ ಬಿಚ್ಚುವುದಿಲ್ಲ, ಎಲ್ಲವೂ ಮನಸ್ಸಿನೊಳಗೆ. ಜನ ಮೌನ ನೋಡೋಕೆ ಟಿಕೆಟ್ ತಗೋತಾರೇನಯ್ಯ ಎಂದು ಮಾಲೀಕರು ರೇಗಿದರು. ಅಪ್ಪ ಎರಡು ದಿನ ಅದೇ ಪುಟಗಳನ್ನು ದಿಟ್ಟಿಸುತ್ತ ಕೂತು, ಹೆಂಡತಿಗೊಂದು ಸಾಲು, ಗಂಡನಿಗೊಂದು ಸಾಲು ಎಂದು ಹಾಡು ಕಟ್ಟಿದ. ಅಲ್ಲಿಯವರೆಗೆ ಆ ಕಂಪನಿಯ ನಾಟಕಗಳಲ್ಲಿ ಬರೀ ಮಾತು. ಆ ಹಾಡಿಗೆ ಜನ ಎದ್ದು ನಿಂತರು. ಆಮೇಲೆ ಯಾವ ಕಾದಂಬರಿ ಕೈಗೆತ್ತಿಕೊಂಡರೂ ಹಾಡಿಗೆ ಎಲ್ಲೆಲ್ಲಿ ಜಾಗವಿದೆ ಎಂದೇ ಮೊದಲು ನೋಡುವಂತಾಯಿತು.

ಬೇರೆ ಕಂಪನಿಯವರು ಕದ್ದಾರೆಂದು ಮಾಲೀಕರು ನಟರಿಗೆ ಅವರವರ ಸಾಲಷ್ಟನ್ನೇ ಕೊಡಿಸುತ್ತಿದ್ದರು. ಬಿಡಿಸಿ ಬರೆದು ಹಂಚುವವನೂ ಅಪ್ಪನೇ. ತನ್ನ ಬಳಿ ಪ್ರತಿ ಇಟ್ಟುಕೊಳ್ಳುವುದಿಲ್ಲವೆಂದು ಮಾಲೀಕರಿಗೆ ಕೊಟ್ಟ ಮಾತನ್ನು ಅವನು ಸಾಯುವ ತನಕ ನಡೆಸಿದ.

*

ಆ ಹಾಡಿನಲ್ಲಿ ಗಂಡನ ಪಾತ್ರ ಮಾಡುತ್ತಿದ್ದವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

“ಅವರ ಸಾಲು ನೂರಾರು ಸಲ ಕೇಳಿದ್ದೀರಲ್ಲ ಅತ್ತೆ,” ಎಂದಳು ಮಗಳು. “ಒಂದೂ ನೆನಪಿಲ್ವಾ?”

ಮುದುಕಿ ತಲೆ ಅಲ್ಲಾಡಿಸಿದಳು.

“ನಾನು ಕೇಳಿಸ್ಕೊಂಡೇ ಇಲ್ಲ ಕಣಮ್ಮ. ಅವನು ಯಾವಾಗ ಮುಗಿಸ್ತಾನೆ, ನಾನು ಯಾವಾಗ ಶುರು ಮಾಡ್ಲಿ ಅಂತ ಕಾಯ್ತಿದ್ದೆ, ಅಷ್ಟೆ.”

ನಿಮ್ಮ ಸಾಲಷ್ಟನ್ನೇ ಹಾಡಿ ಎಂದಳು ಮಗಳು. ಹಾಸ್ಯದವನು ಟೊಪ್ಪಿಗೆ ತೆಗೆದ. ಮುದುಕಿ ಹೆಣದ ತಲೆಯ ಹತ್ತಿರ ಕೂತು, ಒಡಕು ದನಿಯಲ್ಲಿ ತನ್ನ ಮೊದಲ ಸಾಲು ಹಾಡಿ ನಿಲ್ಲಿಸಿದಳು. ಗಂಡನ ಸಾಲಿನಷ್ಟು ಹೊತ್ತು ಬಿಟ್ಟು ತನ್ನ ಎರಡನೆಯದನ್ನು ಹಾಡಿದಳು. ಮತ್ತೆ ನಿಲ್ಲಿಸಿದಳು.

ಅಷ್ಟರಲ್ಲಿ ಬಂದು ಬಾಗಿಲಲ್ಲಿ ಕಾಯುತ್ತಿದ್ದ ಗಾಡಿಯವರು ಹಾಡು ಮುಗಿಯಿತೆಂದುಕೊಂಡು ಒಳಗೆ ಬಂದು, ಬಗ್ಗಿ, ನಾಲ್ಕೂ ಕಡೆಯಿಂದ ಅಪ್ಪನನ್ನು ಎತ್ತಿದರು. ಮುದುಕಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಅವಳ ಬೆರಳು ತೊಡೆಯ ಮೇಲೆ ಇನ್ನೂ ತಾಳ ಎಣಿಸುತ್ತಿತ್ತು.