ವೃತ್ತಗಳ ಹೊರಗಿನ ಆರು ಮಂದಿ

ಎರಡನ್ನು ಮೂರು ಮಾಡಿದರೆ ಸಾಕೇ? ಅದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆಯೇ? ಬೀಳದಷ್ಟು ಸಣ್ಣದಾದರೆ ಕಷ್ಟ. ಬೇಕೆಂದೇ ಇಟ್ಟದ್ದು ಅನ್ನಿಸುವಷ್ಟು ದೊಡ್ಡದಾದರೆ ಇನ್ನೂ ಕಷ್ಟ. ಹೋದ ವರ್ಷ ಒಂದು ಪುಷ್ಪಾವರಣದ ಕಂಸವನ್ನು ಮುಚ್ಚದೆ ಬಿಟ್ಟಿದ್ದ. ಅದರ ಹಿಂದಿನ ವರ್ಷ ಉಪಗಣದ ಚಿಹ್ನೆಯನ್ನು ತಿರುಗಿಸಿ ಇಟ್ಟಿದ್ದ. ಎರಡನ್ನೂ ಅವರು ಪುಟ ತಿರುವುತ್ತಲೇ ಹಿಡಿದಿದ್ದರು. ಈ ಸಲ ನೀಲಿ ಪೆನ್ಸಿಲು ಕೈಯಲ್ಲೇ ಇತ್ತು, ಕಾಗದಕ್ಕೆ ಇಳಿಯುತ್ತಿರಲಿಲ್ಲ. ಇದು ಕೊನೆಯ ಸಲ.

ಅವನು ಶಾಲಾ ಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದ. ಮಾತಿನ ನಡುವೆ ತಟ್ಟನೆ ನಿಂತುಬಿಡುವ ಅಭ್ಯಾಸವಿದ್ದುದರಿಂದ ಅಲ್ಲಿ ಎಲ್ಲರೂ ಅವನನ್ನು ಅಲ್ಪವಿರಾಮ ಎಂದು ಕರೆಯುತ್ತಿದ್ದರು. ವಯಸ್ಸು ನಲವತ್ತೆರಡು. ಅಕ್ಕ-ಭಾವನ ಮನೆಯ ಮುಂದಿನ ಕೋಣೆಯಲ್ಲಿ ವಾಸ. ಅವನು ಕಾಯುತ್ತಿದ್ದುದು ಗಣಿತದ ಟೀಚರ್ ಒಬ್ಬರಿಗಾಗಿ. ಒಂಬತ್ತನೇ ತರಗತಿಯವರಿಗೆಂದು ಅವರು ಬರೆದ ಅಭ್ಯಾಸ ಪುಸ್ತಕ ಏಳು ವರ್ಷಗಳಿಂದ, ಪ್ರತಿ ವರ್ಷ ಅಷ್ಟಿಷ್ಟು ಬದಲಾಗಿ, ಇಲ್ಲೇ ಅಚ್ಚಾಗುತ್ತಿತ್ತು. ಅದರ ಮೊದಲ ಅಧ್ಯಾಯ ಗಣಗಳು.

ಕೆಲಸದ ಕ್ರಮ ಹೀಗಿತ್ತು. ಮೊದಲ ಎರಡು ಕರಡುಗಳನ್ನು ಇಬ್ಬರು ಎದುರುಬದುರು ಕೂತು ಓದಬೇಕು. ಅವನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾನೆ, ಟೀಚರ್ ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ಗಣಿತದಲ್ಲಿ ಒಂದು ಚುಕ್ಕೆಯನ್ನೂ ಬಿಡುವ ಹಾಗಿಲ್ಲ. “ಪುಷ್ಪಾವರಣ ತೆರೆಯಿತು, ಎರಡು, ಅಲ್ಪವಿರಾಮ, ನಾಲ್ಕು, ಅಲ್ಪವಿರಾಮ, ಆರು, ಪುಷ್ಪಾವರಣ ಮುಚ್ಚಿತು” ಎಂದು ಅವನು ಓದುವಾಗ ಪ್ರತಿ ಅಲ್ಪವಿರಾಮಕ್ಕೂ ಟೀಚರ್ ತುಟಿಯ ಅಂಚಿನಲ್ಲಿ ನಗುತ್ತಿದ್ದರು. ಮೂರನೆಯ ಕರಡನ್ನು ಅವರು ಮನೆಗೆ ಒಯ್ಯುತ್ತಾರೆ. ಸರಿಯಿದ್ದರೆ ಸಹಿ ಮಾಡಿ ಶಾಲೆಯ ಜವಾನನ ಕೈಯಲ್ಲಿ ಕಳಿಸುತ್ತಾರೆ. ತಪ್ಪು ಸಿಕ್ಕರೆ ತಾವೇ ಬರಬೇಕು, ಇಡೀ ಅಧ್ಯಾಯವನ್ನು ಇಬ್ಬರೂ ಮೊದಲಿನಿಂದ ಮತ್ತೆ ಓದಬೇಕು. ಯಜಮಾನರು ಮಾಡಿದ ನಿಯಮ ಅದು.

ಮೊದಲ ವರ್ಷ ನಿಜವಾಗಿಯೂ ಒಂದು ತಪ್ಪು ಉಳಿದಿತ್ತು. ಅದರಿಂದ ನಾಲ್ಕನೆಯ ಶನಿವಾರವೊಂದು ಸಿಕ್ಕಿತು. ಆ ಮಧ್ಯಾಹ್ನ ಕರಡು ಕೋಣೆಯಲ್ಲಿ ಇಬ್ಬರೇ. ಕಿಟಕಿಯ ಗಾಜಿನಿಂದ ಬಿದ್ದ ಬಿಸಿಲು ಮೇಜಿನ ಮೇಲೆ ಅವನ ಕಡೆಯಿಂದ ಅವರ ಕಡೆಗೆ ನಿಧಾನವಾಗಿ ಸರಿದುಹೋಯಿತು. ಅಷ್ಟೇ ಆದದ್ದು. ಆದರೆ ಎರಡನೆಯ ವರ್ಷದಿಂದ ಮೂರನೆಯ ಕರಡಿನಲ್ಲಿ ಒಂದು ತಪ್ಪು ಉಳಿಯುವಂತೆ ಅವನೇ ನೋಡಿಕೊಳ್ಳತೊಡಗಿದ. ಮನಸ್ಸಿನೊಳಗೂ ಅವನು ಅವರನ್ನು ಏಕವಚನಕ್ಕೆ ಇಳಿಸಿರಲಿಲ್ಲ. ಒಂದು ಗಣದಲ್ಲಿ ಒಂದೇ ಅಂಶವನ್ನು ಎಷ್ಟು ಸಲ ಬರೆದರೂ ಅದು ಒಂದೇ ಎಂದು ಎರಡನೆಯ ಪುಟದಲ್ಲಿತ್ತು. ಎಲ್ಲ ಶನಿವಾರಗಳೂ ಒಂದೇ ಥರ ಇದ್ದುದರಿಂದ, ಆ ಲೆಕ್ಕದಲ್ಲಿ ತನಗೆ ಸಿಕ್ಕದ್ದು ಒಂದೇ ಶನಿವಾರವೇನೋ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು.

ಈ ವರ್ಷ ಟೀಚರಿಗೆ ತಂಗಿಯ ಊರಿಗೆ ವರ್ಗವಾಗಿತ್ತು. ಮುಂದಿನ ಮುದ್ರಣಗಳ ಕರಡು ಅಂಚೆಯಲ್ಲಿ ಹೋಗಿ ಅಂಚೆಯಲ್ಲೇ ಬರುತ್ತದೆ ಎಂದು ಯಜಮಾನರು ಆಗಲೇ ಹೇಳಿದ್ದರು.

ಎರಡನೆಯ ಶನಿವಾರ ಹದಿನಾಲ್ಕನೆಯ ಪುಟಕ್ಕೆ ಬಂದಾಗ ಅವನು ಓದಿದ: “ಒಂದು ತರಗತಿಯಲ್ಲಿ ನಲವತ್ತೈದು ವಿದ್ಯಾರ್ಥಿಗಳಿದ್ದಾರೆ. ಇಪ್ಪತ್ತೇಳು ಮಂದಿ ಹಾಡುತ್ತಾರೆ. ಇಪ್ಪತ್ತೊಂದು ಮಂದಿ ಚಿತ್ರ ಬರೆಯುತ್ತಾರೆ. ಒಂಬತ್ತು ಮಂದಿ ಎರಡನ್ನೂ ಮಾಡುತ್ತಾರೆ. ಎರಡನ್ನೂ ಮಾಡದವರು ಎಷ್ಟು?”

“ಎಷ್ಟು?” ಎಂದರು ಟೀಚರ್.

“ನಾನು ಓದೋನು ಮೇಡಂ. ಉತ್ತರ ಹೇಳೋನಲ್ಲ.”

“ಏಳು ವರ್ಷದಿಂದ ಇದೇ ಪಾಠ ಓದ್ತಿದೀರಿ. ನನ್ನ ಕ್ಲಾಸಲ್ಲಿ ಯಾರೂ ಇಷ್ಟು ವರ್ಷ ಫೇಲಾಗಿಲ್ಲ.”

ಅವನಿಗೂ ನಗು ಬಂತು. “ಇಪ್ಪತ್ತೇಳು, ಇಪ್ಪತ್ತೊಂದು, ನಲವತ್ತೆಂಟು. ಎರಡೂ ಮಾಡೋರನ್ನ ಎರಡು ಸಲ ಎಣಿಸಿಬಿಟ್ಟಿದೀವಿ, ಅದಕ್ಕೆ ಒಂಬತ್ತು ತೆಗೀಬೇಕು. ಮೂವತ್ತೊಂಬತ್ತು. ನಲವತ್ತೈದರಲ್ಲಿ ಅಷ್ಟು ಹೋದ್ರೆ ಆರು.”

“ಆ ಆರು ಜನ ಎಲ್ಲಿದಾರೆ, ತೋರಿಸಿ.”

ಪುಟದ ಕೆಳಗೆ ವೆನ್ ಚಿತ್ರವಿತ್ತು. ಒಂದರ ಮೇಲೊಂದು ಅರೆಬರೆ ಹಾಯ್ದ ಎರಡು ವೃತ್ತಗಳು, ಅವೆರಡನ್ನೂ ಒಳಗಿಟ್ಟುಕೊಂಡ ಒಂದು ಆಯತ. ಅವನು ವೃತ್ತಗಳ ಹೊರಗೆ, ಆಯತದ ಮೂಲೆಯಲ್ಲಿ ಬೆರಳಿಟ್ಟ.

“ನೋಡಿ, ಮಕ್ಕಳು ಎರಡು ವೃತ್ತ ಚೆನ್ನಾಗಿ ಬರೀತಾರೆ. ಬಣ್ಣ ಬೇರೆ ಬಳೀತಾರೆ. ಸುತ್ತ ಆಯತ ಹಾಕೋದು ಮಾತ್ರ ಮರ್ತುಬಿಡ್ತಾರೆ. ಆಯತ ಇಲ್ಲ ಅಂದ್ರೆ ಈ ಆರು ಜನಕ್ಕೆ ನಿಲ್ಲೋಕೂ ಜಾಗ ಇಲ್ಲ. ಪಾಪ, ಹಾಡಲ್ಲ, ಚಿತ್ರ ಬರೆಯಲ್ಲ. ಆದ್ರೂ ಹಾಜರಿ ಪುಸ್ತಕದಲ್ಲಿ ಹೆಸರಿದೆ ತಾನೆ?”

“ಇದೆ,” ಎಂದ. ಸ್ವಲ್ಪ ತಡೆದು, “ಅವರು ಏನು ಮಾಡ್ತಾರೆ ಮೇಡಂ?”

“ಯಾರಿಗೆ ಗೊತ್ತು? ಅವರನ್ನ ನಾವು ಏನೂ ಕೇಳೇ ಇಲ್ವಲ್ಲ,” ಎಂದು ಟೀಚರ್ ಪುಟ ತಿರುವಿದರು.

ಅವರು ಹೋದ ಮೇಲೆ ಅವನು ಬಹಳ ಹೊತ್ತು ಅದೇ ಪುಟ ಇಟ್ಟುಕೊಂಡು ಕೂತ. ಕೊನೆಗೆ ಇಪ್ಪತ್ತೇಳರ ಎರಡನ್ನು ಹೊಡೆದು ಅಂಚಿನಲ್ಲಿ ನೀಲಿ ಪೆನ್ಸಿಲಿನಿಂದ ಮೂರು ಎಂದು ಬರೆದ. ಮೂವತ್ತೇಳು. ಅವರಿಗೆ ಇಷ್ಟವಾದ ಲೆಕ್ಕ ಇದು, ಇಲ್ಲಿ ತಪ್ಪಿದ್ದರೆ ಕಾಣದೆ ಇರಲು ಸಾಧ್ಯವೇ ಇಲ್ಲ. ಪುಟ ಜೋಡಿಸುವ ಹುಡುಗಿ ಏನೂ ಕೇಳದೆ ತಿದ್ದಿದಳು. ಅವನ ಗುರುತನ್ನು ಆ ಮುದ್ರಣಾಲಯದಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ.

ಮೂರನೆಯ ಶನಿವಾರ ಕರಡನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಟೀಚರ್ ಹೇಳಿದರು, “ತಪ್ಪು ಸಿಕ್ಕರೆ ಮುಂದಿನ ಶನಿವಾರ ಬರ್ತೀನಿ.”

“ಸಿಗದಿದ್ರೆ?”

“ಸಿಗದೆ ಇರುತ್ತಾ? ಪ್ರತಿ ವರ್ಷ ಒಂದು ಇಟ್ಟೇ ಇರ್ತೀರಲ್ಲ ನನಗೆ ಅಂತ.”

ಅವನು ತಟ್ಟನೆ ಅವರ ಮುಖ ನೋಡಿದ. ಆದರೆ ಅವರು ತಮಾಷೆಗೆ ಹೇಳಿದ್ದರು. ಆಗಲೇ ಚೀಲದೊಳಗೆ ಬೀಗದಕೈ ಹುಡುಕುತ್ತಿದ್ದರು.

ಆ ನಾಲ್ಕನೆಯ ಶನಿವಾರ ಬಾಯಿಬಿಟ್ಟು ಹೇಳಿಬಿಡಬೇಕು ಎಂದು ಅವನು ತೀರ್ಮಾನ ಮಾಡಿಕೊಂಡ. ಹೇಳುವುದು ದೊಡ್ಡದೇನಲ್ಲ. ಈ ಶನಿವಾರಗಳಿಗಾಗಿ ನಾನು ವರ್ಷವಿಡೀ ಕಾಯುತ್ತೇನೆ. ನೀವು ಹೋಗುವ ಊರಿನಲ್ಲೂ ಕರಡು ತಿದ್ದುವವರು ಬೇಕಾದ ಮುದ್ರಣಾಲಯಗಳು ಇರುತ್ತವೆ. ಇಷ್ಟೇ ಎರಡು ವಾಕ್ಯ. ಗುರುವಾರ ಅರ್ಧ ದಿನ ರಜೆ ಹಾಕಿ ತಲೆ ಕತ್ತರಿಸಿಕೊಳ್ಳಲು ಹೊರಟ. ಹೊಲಿಯಲು ಕೊಟ್ಟಿದ್ದ ಅಂಗಿಯನ್ನೂ ತರಬೇಕಿತ್ತು.

“ಏನಪ್ಪ, ಹೊಸ ಅಂಗಿ, ಹೊಸ ತಲೆ,” ಎಂದಳು ಅಕ್ಕ ಬಾಗಿಲಲ್ಲೇ ಅಡ್ಡ ನಿಂತು. “ಯಾರನ್ನ ನೋಡೋಕೆ ಹೊರಟೆ?”

“ಕರಡು ನೋಡೋಕೆ.”

“ಕರಡಿ ಆದ್ರೂ ಇಷ್ಟೊತ್ತಿಗೆ ನಿನ್ನ ಒಪ್ಕೊಂಡಿರ್ತಿತ್ತು, ಒಂದು ಮಾತು ಕೇಳಿದ್ರೆ!”

ಒಳಗಿಂದ ಭಾವ ಜೋರಾಗಿ ನಕ್ಕಿದ್ದು ಬೀದಿಯವರೆಗೂ ಕೇಳಿಸಿತು.

ಕ್ಷೌರದಂಗಡಿಯಲ್ಲಿ ಇವನಿಗಿಂತ ಮುಂಚೆ ನಾಲ್ಕು ಜನ ಇದ್ದರು. ಅಂಗಿಗೆ ಇನ್ನೂ ಗುಂಡಿ ಹಾಕಿರಲಿಲ್ಲ. ಮುದ್ರಣಾಲಯ ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಮೆಷಿನ್ ನೋಡಿಕೊಳ್ಳುವಾತ ಅಂಗಳದಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಮೂವತ್ತು ವರ್ಷ ಮೆಷಿನ್ ಸದ್ದಿನ ಮೇಲೆ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಎಲ್ಲರೂ ಗುಡುಗಣ್ಣ ಎನ್ನುತ್ತಿದ್ದರು.

“ಎಲ್ಲಿ ಹಾಳಾಗಿ ಹೋಗಿದ್ದೆ ಮಾರಾಯ? ನಿಮ್ಮ ಮೇಡಂ ಬಂದಿದ್ರು!”

“ಯಾವಾಗ?”

“ಹತ್ತಕ್ಕೆ! ಸಾಮಾನಿನ ಲಾರಿ ಮೂರು ದಿನ ಮುಂಚೆನೇ ಬಂತಂತೆ, ಮಧ್ಯಾಹ್ನದ ಬಸ್ಸಿಗೆ ಹೊರಟ್ರು. ನಿನ್ನ ಕುರ್ಚೀಲಿ ಕಾಲು ಗಂಟೆ ಕೂತು ಕಾದ್ರು. ಸಹಿ ಹಾಕಿ ನನ್ನ ಕೈಗೇ ಕೊಟ್ರು. ಬೇರೆ ಕೆಲಸ ಇರ್ಲಿಲ್ಲ ನೋಡು, ಪ್ಲೇಟ್ ಮಾಡಿಸಿ ಮೆಷಿನ್ನಿಗೆ ಹಾಕೇಬಿಟ್ಟೆ!”

ಕರಡು ಕೋಣೆಯಲ್ಲಿ ಅವನ ಕುರ್ಚಿ ಮೇಜಿನಿಂದ ಸ್ವಲ್ಪ ಹಿಂದೆ ಸರಿದಿತ್ತು. ಕರಡಿನ ಮೇಲ್ಪುಟದಲ್ಲಿ ಸಹಿಯ ಪಕ್ಕ ಟೀಚರ್ ಬರೆದಿದ್ದರು: “ಅಲ್ಪವಿರಾಮದವರು ಓದಿದ್ದಾರೆ. ನಾನು ಮತ್ತೆ ನೋಡುವ ಅಗತ್ಯ ಕಾಣಲಿಲ್ಲ. ಅಚ್ಚಿಗೆ ಹೋಗಲಿ.” ಏಳು ವರ್ಷಗಳಲ್ಲಿ ಅವರು ಓದದೆ ಸಹಿ ಮಾಡಿದ್ದು ಅದೊಂದೇ ಸಲ.

ಅವನು ಮೆಷಿನ್ ಕೋಣೆಗೆ ಹೋದ. ಹಾಳೆಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಒಂದನ್ನು ಎತ್ತಿಕೊಂಡ. ಶಾಯಿ ಇನ್ನೂ ಆರಿರಲಿಲ್ಲ. ಇನ್ನೂ ಮಡಿಸದ ಆ ದೊಡ್ಡ ಹಾಳೆಯಲ್ಲಿ ಹದಿನಾಲ್ಕನೆಯ ಪುಟ ಮೂಲೆಯಲ್ಲಿ ತಲೆಕೆಳಗಾಗಿ ಇತ್ತು. ತಲೆಕೆಳಗಾಗಿಯೂ ಮೂವತ್ತೇಳು ಕಂಡಿತು. ಮೂವತ್ತೇಳು, ಇಪ್ಪತ್ತೊಂದು, ಅದರಲ್ಲಿ ಒಂಬತ್ತು ಕಳೆದರೆ ನಲವತ್ತೊಂಬತ್ತು. ತರಗತಿಯಲ್ಲಿ ಇರುವುದೇ ನಲವತ್ತೈದು. ಆರು ಮಂದಿ ಇದ್ದ ಮೂಲೆಯಲ್ಲಿ ಈಗ ಮೈನಸ್ ನಾಲ್ಕು.

“ಏನಾದ್ರೂ ತಪ್ಪಿದ್ಯಾ?” ಎಂದು ಹಿಂದೆಯೇ ಬಂದಿದ್ದ ಗುಡುಗಣ್ಣ ಕೂಗಿದ. ಅವನ ಕೈ ಆಗಲೇ ಕೆಂಪು ಗುಂಡಿಯ ಮೇಲಿತ್ತು. “ನಿಲ್ಲಿಸ್ಲಾ?”

ನಿಲ್ಲಿಸಿದರೆ ಯಜಮಾನರು ಬರುತ್ತಾರೆ. ಕರಡುಗಳ ಕಟ್ಟು ಬಿಚ್ಚಿಸುತ್ತಾರೆ. ಸರಿಯಾಗಿದ್ದ ಇಪ್ಪತ್ತೇಳನ್ನು ಯಾರ ನೀಲಿ ಪೆನ್ಸಿಲು ಕೆಡಿಸಿದೆ ಎಂದು ನೋಡುತ್ತಾರೆ. ಯಾಕೆ ಎಂದು ಕೇಳುತ್ತಾರೆ. ಆ ಸುದ್ದಿ ಟೀಚರಿಗೂ ಮುಟ್ಟುತ್ತದೆ. ಹೋದ ವರ್ಷದ ಆವರಣ, ಅದರ ಹಿಂದಿನ ಉಪಗಣ, ಎಲ್ಲವೂ ಅವರಿಗೆ ಒಂದೊಂದಾಗಿ ನೆನಪಾಗುತ್ತದೆ.

“ಇಲ್ಲ,” ಎಂದ. “ಸುಮ್ನೆ ನೋಡ್ದೆ.”

“ಏನು?”

ಮೆಷಿನ್ ಸದ್ದಿನಲ್ಲಿ ಕೇಳಿಸಿರಲಿಲ್ಲ. ಅವನು ಇಲ್ಲವೆಂದು ತಲೆಯಾಡಿಸಿದ.

ಶಾಲೆಗಳು ತೆರೆದು ಮೂರು ವಾರಕ್ಕೆ ಕಾಗದಗಳು ಬರತೊಡಗಿದವು. ಒಂದು ಶಾಲೆಯ ಮಕ್ಕಳು ಸೇರಿ ಬರೆದಿದ್ದರು: ಹಾಡದ, ಚಿತ್ರ ಬರೆಯದ ಮೈನಸ್ ನಾಲ್ಕು ಜನ ನಮ್ಮ ತರಗತಿಯಲ್ಲಿ ಎಲ್ಲಿ ಕೂರಬೇಕು, ಬೆಂಚಿನ ಕೆಳಗೋ? ಗುಡುಗಣ್ಣ ಅದನ್ನು ಅಂಗಳದಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದ. ಪುಟ ಜೋಡಿಸುವ ಹುಡುಗಿ ನಗಲಿಲ್ಲ. ಒಮ್ಮೆ ಅವನ ಕಡೆ ನೋಡಿ ತನ್ನ ಪರದೆಗೆ ತಿರುಗಿಕೊಂಡಳು.

ಯಜಮಾನರು ಕರೆಸಿದ ದಿನ ಅವನು ಎಲ್ಲ ಹೇಳಿಬಿಡಲು ಸಿದ್ಧನಾಗಿಯೇ ಮೆಟ್ಟಿಲು ಹತ್ತಿದ್ದ. ಯಜಮಾನರು ಒಂದು ಕಾಗದ ಮುಂದೆ ತಳ್ಳಿದರು. ಟೀಚರ್ ಬರೆದದ್ದು. ತಾವು ಓದದೆ ಸಹಿ ಮಾಡಿದ್ದಾಗಿ, ತಪ್ಪು ಪೂರ್ತಿ ತಮ್ಮದೇ ಎಂದು, ಕರಡು ತಿದ್ದುವವರನ್ನು ದಯವಿಟ್ಟು ಏನೂ ಕೇಳಬಾರದೆಂದು ಅದರಲ್ಲಿತ್ತು. ಮುಂದಿನ ಮುದ್ರಣವನ್ನು ಬೇರೆಯವರು ಬರೆಯುವುದೇ ಒಳ್ಳೆಯದು ಎಂದೂ ಇತ್ತು.

“ದೊಡ್ಡ ಮನುಷ್ಯರು,” ಎಂದರು ಯಜಮಾನರು. “ನಿನ್ನ ಒಳಗೆ ಎಳೀಲೇ ಇಲ್ಲ. ಹೋಗು, ತಿದ್ದುಪಡಿ ಚೀಟಿ ಒಂದು ಬರ್ಕೊಡು. ಎಲ್ಲ ಪುಸ್ತಕಕ್ಕೂ ಅಂಟಿಸ್ಬೇಕು.”

ಕರಡುಗಳ ಕಟ್ಟು ಕಪಾಟಿನಲ್ಲೇ ಉಳಿಯಿತು, ಯಾರೂ ಬಿಚ್ಚಲಿಲ್ಲ. ಅವನು ಚೀಟಿ ಬರೆದ. ಪುಟ ಹದಿನಾಲ್ಕು, ಸಾಲು ಆರು. ಮೂವತ್ತೇಳು ಎಂದಿರುವುದನ್ನು ಇಪ್ಪತ್ತೇಳು ಎಂದು ಓದಿಕೊಳ್ಳಿ. ಎರಡೇ ಸಾಲಿನ ಆ ಚೀಟಿಯ ಕರಡನ್ನು ಅವನು ಒಬ್ಬನೇ, ಗಟ್ಟಿಯಾಗಿ, ಮೂರು ಸಲ ಓದಿದ.

ಒಂದು ಶನಿವಾರ ಮಧ್ಯಾಹ್ನ ಕರಡು ಕೋಣೆಗೆ ಫೋನು ಬಂತು.

“ಅಲ್ಪವಿರಾಮದವರಾ?” ಟೀಚರ ದನಿ. ಹಿಂದೆ ಯಾವುದೋ ಮಗು ಆಡುವ ಸದ್ದು. “ಚೀಟಿ ಬಂತು. ನನ್ನ ತಂಗಿ ಮಗಳು ಅಂಟಿಸಿದಳು, ಸೊಟ್ಟಗೆ.”

“ಚೆನ್ನಾಗಿದೀರಾ ಮೇಡಂ?”

“ಚೆನ್ನಾಗಿದೀನಿ. ಒಂದು ಮಾತ್ರ ಬಗೆಹರೀತಿಲ್ಲ. ಆವತ್ತು ನಾವು ಓದಿದಾಗ ಇಪ್ಪತ್ತೇಳೇ ಇತ್ತಲ್ವಾ? ನೀವು ಲೆಕ್ಕ ಬೇರೆ ಮಾಡಿ ಆರು ಅಂದ್ರಿ. ಆಮೇಲೆ ಅದು ಹೇಗೆ ಬದಲಾಯ್ತು?”

ಬಿಸಿಲು ಮೇಜಿನ ಆಚೆ ಅಂಚಿನವರೆಗೂ ಹೋಗಿತ್ತು. ಖಾಲಿ ಕುರ್ಚಿಯ ಕೈಮೇಲೆ ಬಿದ್ದಿತ್ತು. ಅವನು ಅದನ್ನೇ ನೋಡುತ್ತ ನಿಂತ.

“ಇದೀರಾ?”

“ಇದೀನಿ ಮೇಡಂ.”

“ಆಯತದೊಳಗೇ ತಾನೆ?” ಎಂದು ಅವರು ನಕ್ಕರು. ಅವನೂ ನಕ್ಕ. ಆ ಕಡೆ ಮಗುವನ್ನು ಯಾರೋ ಒಳಗೆ ಕರೆದುಕೊಂಡು ಹೋದ ಸದ್ದಾಯಿತು.

“ಆ ಗುರುವಾರ ನಿಮಗೋಸ್ಕರ ಕಾದೆ,” ಎಂದರು ಟೀಚರ್. “ನೀವು ಏನೋ ಹೇಳ್ಬೇಕು ಅಂತಿದೀರಿ ಅನ್ನಿಸ್ತಿತ್ತು, ಅದರ ಹಿಂದಿನ ವಾರದಿಂದಲೇ. ಏನಾದ್ರೂ ಹೇಳೋದಿತ್ತಾ?”

“ಏನಿಲ್ಲ ಮೇಡಂ,” ಎಂದ ಅವನು.

ಮೂರನ್ನು ಬರೆದದ್ದು ತಾನೇ ಎಂದು ಅವನು ಅವರಿಗೆ ಎಂದೂ ಹೇಳಲಿಲ್ಲ. ಇನ್ನೊಂದು ಶನಿವಾರ ಬೇಕಾಗಿತ್ತು ಎಂದೂ ಹೇಳಲಿಲ್ಲ.